ಬೆಂಗಾಜಿಯ ಮಕ್ಕಳು ಮತ್ತು ಅಣುಗಳ ಗಡಿಯಾರ

2006ನೆಯ ಇಸವಿಯ ಡಿಸೆಂಬರ್ 19ರಂದು ಲಿಬಿಯಾದ ನ್ಯಾಯಾಲಯವೊಂದು ಐವರು ದಾದಿಯರಿಗೂ ಒಬ್ಬ ವೈದ್ಯರಿಗೂ ಎರಡನೆಯ ಬಾರಿ ಮರಣದಂಡನೆ ವಿಧಿಸಿತು. ಕ್ರಿಸ್ಟಿಯಾನಾ ವಲ್ಚೆವಾ, ನಸ್ಯಾ ನೆನೋವಾ, ವಾಲ್ಯಾ ಚೆರ್ವೆನ್ಯಾಷ್ಕಾ, ವ್ಯಾಲೆಂಟಿನಾ ಸಿರೋಪುಲೊ, ಸ್ನೆಝಾನಾ ದಿಮಿಟ್ರೋವಾ ಎಂಬ ಆ ಐವರು ಬಲ್ಗೇರಿಯಾ ದೇಶದವರು. ವೈದ್ಯರಾದ ಅಷ್ರಫ್ ಅಲ್-ಹಜೂಜ್ ಪ್ಯಾಲೆಸ್ತೀನಿನವರು. ಬೆಂಗಾಜಿ ನಗರದ ಅಲ್-ಫತೇಹ್ ಮಕ್ಕಳ ಆಸ್ಪತ್ರೆಯಲ್ಲಿ 400ಕ್ಕೂ ಹೆಚ್ಚು ಮಕ್ಕಳಿಗೆ ಬೇಕೆಂದೇ ಎಚ್‌ಐವಿ ಸೋಂಕನ್ನು ತಗುಲಿಸಿದರೆಂಬುದು ಅವರ ಮೇಲಿದ್ದ ಆರೋಪ. ಈ ತೀರ್ಪು ಹೊರಬೀಳುವುದಕ್ಕೆ ಹದಿಮೂರು ದಿನಗಳ ಮೊದಲು ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಚಿಕ್ಕ ಪ್ರಬಂಧ ಬೆಳಕು ಕಂಡಿತ್ತು. ಅಚ್ಚಿನಲ್ಲಿ ಅದು ಎರಡೇ ಪುಟ. ಆರೋಪಿಗಳು ಕೆಲಸಕ್ಕೆ ಬರುವ ಮುನ್ನವೇ ಆ ವೈರಾಣು ಆಸ್ಪತ್ರೆಯಲ್ಲಿಯೂ ಅದರ ಪರಿಸರದಲ್ಲಿಯೂ ಹರಡಿತ್ತು ಎಂದು ಅದು ಹೇಳಿತು. ಹೀಗೆ ಹೇಳಲು ಅದನ್ನು ಬರೆದವರು ಯಾವ ಮನುಷ್ಯನ ಸಾಕ್ಷಿಯನ್ನೂ ಕೇಳಲಿಲ್ಲ, ಆಸ್ಪತ್ರೆಯ ಯಾವ ದಾಖಲೆ ಪುಸ್ತಕವನ್ನೂ ತೆರೆಯಲಿಲ್ಲ. ಮಕ್ಕಳ ರಕ್ತದಲ್ಲಿದ್ದ ವೈರಾಣುವನ್ನೇ ಕೇಳಿದರು: ನೀನು ಇಲ್ಲಿಗೆ ಬಂದು ಎಷ್ಟು ಕಾಲವಾಯಿತು?

ವೈರಾಣು ಕಾಲವನ್ನು ಹೇಳಬಲ್ಲದೇ? ಹೇಳುವುದಾದರೆ, ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದರೆ ನಾವು ಬೆಂಗಾಜಿಯನ್ನು ಸ್ವಲ್ಪ ಹೊತ್ತು ಬಿಟ್ಟು ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಹಳಗನ್ನಡ ಕಾವ್ಯಗಳ ಸಂಪಾದನೆಯ ಬಗ್ಗೆ ಓದಿರುವ ತಮಗೆ ‘ಪಾಠಾಂತರ’ ಎಂಬ ಮಾತು ಹೊಸದೇನಲ್ಲ. ಒಂದು ಓಲೆಗರಿಯ ಗ್ರಂಥವನ್ನು ಒಬ್ಬ ಲಿಪಿಕಾರ ಪ್ರತಿ ಮಾಡುತ್ತಾನೆ. ಎಷ್ಟೇ ಎಚ್ಚರವಿದ್ದರೂ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಅವನ ಪ್ರತಿಯಿಂದ ಪ್ರತಿ ಮಾಡುವವನು ಆ ತಪ್ಪುಗಳನ್ನು ಹಾಗೆಯೇ ಉಳಿಸಿಕೊಂಡು ತನ್ನವನ್ನೂ ಸೇರಿಸುತ್ತಾನೆ. ನೂರಾರು ವರ್ಷಗಳ ನಂತರ ಹತ್ತು ಪ್ರತಿಗಳು ಸಂಪಾದಕರ ಮುಂದೆ ಬಂದಾಗ, ಒಂದೇ ತಪ್ಪನ್ನು ಹಂಚಿಕೊಂಡಿರುವ ಪ್ರತಿಗಳು ಒಂದೇ ಮೂಲದಿಂದ ಬಂದವೆಂದು ಅವರು ಗುರುತಿಸುತ್ತಾರೆ. ತಪ್ಪುಗಳ ಆಧಾರದ ಮೇಲೆ ಪ್ರತಿಗಳ ವಂಶವೃಕ್ಷವನ್ನು ಬರೆಯುತ್ತಾರೆ. ಜೀವಿಗಳ ವಂಶವಾಹಿಯೂ ಇಂಥದೇ ಒಂದು ಬರಹ. ತಲೆಮಾರಿನಿಂದ ತಲೆಮಾರಿಗೆ ಅದರ ಪ್ರತಿಯಾಗುತ್ತದೆ, ಪ್ರತಿಯಾಗುವಾಗ ಅಪರೂಪಕ್ಕೆ ಒಂದಕ್ಷರ ತಪ್ಪುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಸಂಬಂಧದ ಮಾತು. ಕಾಲದ ಮಾತು ಬಂದದ್ದು 1962ರಲ್ಲಿ. ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗ ಎಮಿಲ್ ಝುಕರ್‌ಕಾಂಡ್ಲ್ ರಕ್ತದ ಹಿಮೋಗ್ಲೋಬಿನನ್ನು ಪರೀಕ್ಷಿಸುತ್ತಿದ್ದರು. ಝುಕರ್‌ಕಾಂಡ್ಲ್ ವಿಯೆನ್ನಾದ ಯಹೂದಿ ಮನೆತನದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಓಡಬೇಕಾಗಿ ಬಂದವರು. ಹಿಮೋಗ್ಲೋಬಿನ್ನಿನ ಆಲ್ಫಾ ಸರಪಳಿಯಲ್ಲಿ 141 ಅಮೈನೋ ಆಮ್ಲಗಳಿವೆ. ಮನುಷ್ಯನ ಸರಪಳಿಗೂ ಕುದುರೆಯ ಸರಪಳಿಗೂ ವ್ಯತ್ಯಾಸವಿರುವುದು 18 ಸ್ಥಾನಗಳಲ್ಲಿ. ಮನುಷ್ಯನ ಮತ್ತು ಕುದುರೆಯ ಪೂರ್ವಜರು ಬೇರೆಯಾಗಿ ಹದಿಮೂರು ಕೋಟಿ ವರ್ಷಗಳಾಗಿರಬಹುದೆಂದು ಅಂದಿನ ಪಳೆಯುಳಿಕೆಗಳ ಆಧಾರದಿಂದ ಅವರು ಎಣಿಸಿದರು. ಎರಡು ಕವಲುಗಳಲ್ಲಿಯೂ ಬದಲಾವಣೆ ನಡೆದಿರುವುದರಿಂದ ಒಟ್ಟು ಕಾಲ ಇಪ್ಪತ್ತಾರು ಕೋಟಿ ವರ್ಷ. ಅದನ್ನು 18ರಿಂದ ಭಾಗಿಸಿದರೆ, ಸುಮಾರು 145 ಲಕ್ಷ ವರ್ಷಗಳಿಗೆ ಒಂದು ಬದಲಾವಣೆ. ಶಾಲೆಯ ಮಕ್ಕಳೂ ಮಾಡಬಹುದಾದ ಭಾಗಾಕಾರ. ಆದರೆ ಇದರೊಳಗೆ ಅಡಗಿದ್ದ ಊಹೆ ಧೈರ್ಯದ್ದು: ಬದಲಾವಣೆಯ ವೇಗ ಎಲ್ಲ ಕವಲುಗಳಲ್ಲಿಯೂ ಎಲ್ಲ ಕಾಲದಲ್ಲಿಯೂ ಸರಿಸುಮಾರು ಒಂದೇ. 1965ರಲ್ಲಿ ಅವರು ಇದಕ್ಕೆ ‘ಆಣ್ವಿಕ ಗಡಿಯಾರ’ ಎಂದು ಹೆಸರಿಟ್ಟರು.

ಗಡಿಯಾರವೆಂಬ ಹೆಸರು ಸ್ವಲ್ಪ ಮೋಸದ್ದೆಂದೇ ನನ್ನ ಭಾವನೆ. ಗೋಡೆಯ ಗಡಿಯಾರದ ಮುಳ್ಳು ಸೆಕೆಂಡಿಗೊಮ್ಮೆ ತಪ್ಪದೆ ಜರುಗುತ್ತದೆ. ಅಣುಗಳ ಲೋಕದಲ್ಲಿ ಹಾಗಿಲ್ಲ. ಮಳೆಗಾಲದ ರಾತ್ರಿ ಸೋರುವ ಮಾಡಿನ ಕೆಳಗೆ ಇಟ್ಟ ಪಾತ್ರೆಯನ್ನು ನೆನಪಿಸಿಕೊಳ್ಳಿ. ಹನಿಗಳು ಲೆಕ್ಕವಿಟ್ಟು ಬೀಳುವುದಿಲ್ಲ. ಒಮ್ಮೆ ಮೂರು ಹನಿ ಒಟ್ಟಿಗೆ, ಮತ್ತೊಮ್ಮೆ ಬಹಳ ಹೊತ್ತು ಏನೂ ಇಲ್ಲ. ಆದರೂ ಬೆಳಗ್ಗೆ ಪಾತ್ರೆಯಲ್ಲಿ ನಿಂತ ನೀರನ್ನು ನೋಡಿ ಸೋರಲು ತೊಡಗಿದ್ದು ಹೆಚ್ಚುಕಡಿಮೆ ಯಾವ ಹೊತ್ತಿಗೆ ಎಂದು ಹೇಳಬಹುದು. ಇಂತಿಷ್ಟೇ ಗಂಟೆ, ಇಂತಿಷ್ಟೇ ನಿಮಿಷ ಎಂದು ಹೇಳಲಾಗದು. ‘ಹತ್ತರ ನಂತರ, ಒಂದರ ಮೊದಲು’ ಎನ್ನಬಹುದು. ಈ ಶಾಸ್ತ್ರದ ಪ್ರಾಮಾಣಿಕತೆಯೆಲ್ಲ ಇರುವುದು ಆ ‘ನಂತರ’ ಮತ್ತು ‘ಮೊದಲು’ಗಳಲ್ಲಿ.

1968ರಲ್ಲಿ ಜಪಾನಿನ ಮೋತೂ ಕಿಮುರಾ ಇದಕ್ಕೆ ಒಂದು ಕಾರಣವನ್ನು ಕೊಟ್ಟರು. ಅಣುಗಳ ಮಟ್ಟದಲ್ಲಿ ಉಳಿದುಬರುವ ಬದಲಾವಣೆಗಳಲ್ಲಿ ಬಹುಪಾಲು ಜೀವಿಗೆ ಒಳಿತನ್ನೂ ಮಾಡುವುದಿಲ್ಲ, ಕೆಡುಕನ್ನೂ ಮಾಡುವುದಿಲ್ಲ. ಸುಮ್ಮನೆ ಸೇರಿಕೊಳ್ಳುತ್ತ ಹೋಗುತ್ತವೆ. ಆದ್ದರಿಂದಲೇ ಅವು ಕಾಲದ ಅಳತೆಗೆ ಒದಗುತ್ತವೆ. ಇದಕ್ಕೆ ಒಂದು ವರ್ಷ ಮುಂಚೆ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿನ್ಸೆಂಟ್ ಸಾರಿಚ್ ಮತ್ತು ಆಲನ್ ವಿಲ್ಸನ್ ರಕ್ತದ ಆಲ್ಬುಮಿನನ್ನು ಅಳೆದು, ಮನುಷ್ಯ ಮತ್ತು ಚಿಂಪಾಂಜಿಗಳ ಪೂರ್ವಜರು ಬೇರೆಯಾದದ್ದು ಸುಮಾರು 50 ಲಕ್ಷ ವರ್ಷಗಳ ಹಿಂದಷ್ಟೇ ಎಂದಿದ್ದರು. ಪಳೆಯುಳಿಕೆ ತಜ್ಞರು ಒಪ್ಪಲಿಲ್ಲ. ಅವರ ಕೈಯಲ್ಲಿ ನಮ್ಮ ದೇಶದ ಶಿವಾಲಿಕ್ ಬೆಟ್ಟಗಳಲ್ಲಿ 1932ರಲ್ಲಿ ಸಿಕ್ಕ ‘ರಾಮಪಿಥೆಕಸ್’ನ ದವಡೆಯಿತ್ತು. ನೂರು ಲಕ್ಷ ವರ್ಷಗಳಿಗೂ ಹಳೆಯದಾದ ಅದನ್ನು ಮಾನವನ ನೇರ ಪೂರ್ವಜನೆಂದು ಅವರು ನಂಬಿದ್ದರು. 1980ರ ದಶಕದ ಆರಂಭಕ್ಕೆ ಹೆಚ್ಚು ಪೂರ್ಣವಾದ ಪಳೆಯುಳಿಕೆಗಳು ದೊರೆತು, ಆ ಪ್ರಾಣಿ ಒರಾಂಗುಟಾನಿನ ಬಳಗದ್ದೆಂದು ತಿಳಿಯಿತು. ರಾಮನ ಹೆಸರು ಹೊತ್ತ ಆ ದವಡೆ ಮಾನವನ ವಂಶಾವಳಿಯಿಂದ ಹೊರಬಂತು. ರಕ್ತದ ಲೆಕ್ಕ ಉಳಿಯಿತು.

ಲಕ್ಷಾಂತರ ವರ್ಷಗಳನ್ನು ಅಳೆಯುವ ಈ ಗಡಿಯಾರ ತಿಂಗಳುಗಳನ್ನು ಅಳೆಯಲು ಹೇಗೆ ಬಂತು ಎಂದು ತಾವು ಕೇಳಬಹುದು. ಎಚ್‌ಐವಿಯ ಸ್ವಭಾವವೇ ಅದಕ್ಕೆ ಕಾರಣ. ಈ ವೈರಾಣುವಿನ ಇಡೀ ಬರಹ ಹತ್ತು ಸಾವಿರ ಅಕ್ಷರಗಳಿಗಿಂತ ಕಡಿಮೆ. ಅದನ್ನು ಪ್ರತಿ ಮಾಡುವ ಕಿಣ್ವಕ್ಕೆ ಬರೆದದ್ದನ್ನು ತಿದ್ದಿ ನೋಡುವ ಅಭ್ಯಾಸವಿಲ್ಲ. ನಮ್ಮ ಹಳೆಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಪ್ಪುಗಳನ್ನು ತಿದ್ದಿ ಓದಬೇಕೆಂದು ಓದುಗರನ್ನು ಬೇಡುತ್ತಿದ್ದರು. ಈ ಲಿಪಿಕಾರನಿಗೆ ಅಂತಹ ಅಳುಕಿಲ್ಲ. ಜೀನಿನಿಂದ ಜೀನಿಗೆ ವ್ಯತ್ಯಾಸವಿದ್ದರೂ, ಸಾವಿರ ಅಕ್ಷರಗಳಿಗೆ ವರ್ಷಕ್ಕೆ ಎರಡು ಮೂರು ಬದಲಾವಣೆಗಳು ಸೇರಿಕೊಳ್ಳುತ್ತವೆಂದು ಹೇಳಬಹುದು. ಮನುಷ್ಯನ ಡಿಎನ್‌ಎ ಬದಲಾಗುವ ವೇಗಕ್ಕಿಂತ ಇದು ಹೆಚ್ಚುಕಡಿಮೆ ಹತ್ತು ಲಕ್ಷ ಪಟ್ಟು ಹೆಚ್ಚು. ಒಂದು ಕಾಲ್ಪನಿಕ ಉದಾಹರಣೆ: ಇಬ್ಬರು ರೋಗಿಗಳ ವೈರಾಣುಗಳ ನಡುವೆ ಸಾವಿರಕ್ಕೆ ಹತ್ತು ವ್ಯತ್ಯಾಸಗಳಿವೆ ಎನ್ನಿ. ಪ್ರತಿಯೊಂದು ಕವಲಿನಲ್ಲಿ ವರ್ಷಕ್ಕೆ ಎರಡೂವರೆ ಬದಲಾವಣೆ ಎಂದರೆ ಎರಡರಿಂದಲೂ ಸೇರಿ ಐದು. ಹಾಗಿದ್ದರೆ ಅವೆರಡರ ಸಮಾನ ಮೂಲ ಸುಮಾರು ಎರಡು ವರ್ಷ ಹಿಂದಿನದು.

ಇಲ್ಲಿ ವೇಗವನ್ನು ತಿಳಿಯಲು ಪಳೆಯುಳಿಕೆಯೂ ಬೇಕಿಲ್ಲ. ಬೇರೆ ಬೇರೆ ವರ್ಷಗಳಲ್ಲಿ ತೆಗೆದಿಟ್ಟ ರಕ್ತದ ಮಾದರಿಗಳಿದ್ದರೆ ಸಾಕು. ನಂತರದ ವರ್ಷಗಳ ಮಾದರಿಗಳು ಮೂಲದಿಂದ ಎಷ್ಟು ಹೆಚ್ಚು ದೂರ ಸರಿದಿವೆ ಎಂದು ನೋಡಿದರೆ ವೇಗ ತಾನಾಗಿಯೇ ಸಿಗುತ್ತದೆ. ಆ ಗೆರೆಯನ್ನು ಹಿಂದಕ್ಕೆ ಎಳೆದು, ದೂರ ಸೊನ್ನೆಯಾಗುವ ವರ್ಷವನ್ನು ಗುರುತಿಸಿದರೆ ಅದೇ ಮೂಲದ ಕಾಲ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಬೆಟ್ಟೆ ಕೋರ್ಬರ್ ಮತ್ತು ಸಂಗಡಿಗರು 2000ದಲ್ಲಿ ಹೀಗೆ ಲೆಕ್ಕ ಹಾಕಿ, ಜಗತ್ತಿನ ಮುಖ್ಯ ಎಚ್‌ಐವಿ ಬಳಗದ ಮೂಲವನ್ನು 1931ರ ಸುಮಾರಿಗೆ, ಅಂದರೆ 1915 ಮತ್ತು 1941ರ ನಡುವೆ ಇಟ್ಟರು. ತಮ್ಮ ಲೆಕ್ಕವನ್ನು ಅವರು ಪರೀಕ್ಷೆಗೂ ಒಡ್ಡಿದರು. ಇಂದಿನ ಕಿನ್ಶಾಸಾ ನಗರದಲ್ಲಿ 1959ರಲ್ಲಿ ಸಂಗ್ರಹಿಸಿದ್ದ ರಕ್ತದ ಮಾದರಿಯೊಂದು ಉಳಿದಿತ್ತು. ಅದರ ವರ್ಷವನ್ನು ಈ ಲೆಕ್ಕ ಸರಿಯಾಗಿ ಊಹಿಸಿತು. 2008ರಲ್ಲಿ ಮೈಕೆಲ್ ವೊರೋಬಿ ಅವರ ತಂಡ ಅದೇ ನಗರದ 1960ರ ಇನ್ನೊಂದು ಮಾದರಿಯನ್ನು ಸೇರಿಸಿಕೊಂಡು ಮೂಲವನ್ನು 1908ರ ಸುಮಾರಿಗೆ, 1884 ಮತ್ತು 1924ರ ನಡುವೆ, ಕೊಂಡೊಯ್ದಿತು.

ಈ ಅಂಕಿಗಳಿಗೂ ಒಂದು ಆಪಾದನೆಯ ಹಿನ್ನೆಲೆಯಿತ್ತು. 1950ರ ದಶಕದ ಕೊನೆಯಲ್ಲಿ ಕಾಂಗೋದಲ್ಲಿ ಬಾಯಿಯ ಮೂಲಕ ಕೊಟ್ಟ ಪೋಲಿಯೋ ಲಸಿಕೆಯಿಂದಲೇ ಏಡ್ಸ್ ಮನುಷ್ಯರಿಗೆ ಬಂತೆಂದು 1999ರಲ್ಲಿ ಎಡ್ವರ್ಡ್ ಹೂಪರ್ ಎಂಬ ಪತ್ರಕರ್ತರು ದೊಡ್ಡ ಪುಸ್ತಕವನ್ನೇ ಬರೆದಿದ್ದರು. ಮೂಲ 1941ಕ್ಕಿಂತ ಈಚಿನದಲ್ಲವಾದರೆ 1957ರ ಲಸಿಕೆಯನ್ನು ದೂರುವುದು ಹೇಗೆ? ಉಳಿದಿದ್ದ ಲಸಿಕೆಯ ಮಾದರಿಗಳಲ್ಲಿಯೂ ಚಿಂಪಾಂಜಿಯ ಗುರುತು ಸಿಗಲಿಲ್ಲ. ಗಡಿಯಾರದ ಉತ್ತರ ಇಪ್ಪತ್ತಾರು ವರ್ಷಗಳಷ್ಟು ಅಗಲವಾಗಿತ್ತು ಎಂಬುದನ್ನು ಗಮನಿಸಿ. ಅಷ್ಟು ಅಗಲವಾಗಿದ್ದರೂ ಕೇಳಿದ ಪ್ರಶ್ನೆಗೆ ಅದು ಸಾಕಾಯಿತು.

ಈಗ ಬೆಂಗಾಜಿಗೆ ಮರಳೋಣ. 1998ರಲ್ಲಿ ಆ ಆಸ್ಪತ್ರೆಯ ಮಕ್ಕಳಲ್ಲಿ ಎಚ್‌ಐವಿ ಕಾಣಿಸಿಕೊಂಡಿತು. ತಾಯಂದಿರ ರಕ್ತದಲ್ಲಿ ಇಲ್ಲದ ಸೋಂಕು ಮಕ್ಕಳ ರಕ್ತಕ್ಕೆ ಹೇಗೆ ಬಂತೆಂದು ಮನೆಮಂದಿ ಕೇಳತೊಡಗಿದರು. ಅವರ ಕೋಪಕ್ಕೆ ಯಾರು ತಾನೇ ತಪ್ಪು ಹೇಳಿಯಾರು? 1999ರ ಫೆಬ್ರವರಿಯಲ್ಲಿ ವಿದೇಶಿ ಸಿಬ್ಬಂದಿಯ ಬಂಧನವಾಯಿತು. ವಿದ್ಯುತ್ ಆಘಾತ ಮತ್ತು ಹೊಡೆತಗಳಿಂದ ತಮ್ಮಿಂದ ತಪ್ಪೊಪ್ಪಿಗೆ ಬರೆಸಿಕೊಂಡರೆಂದು ದಾದಿಯರು ಮುಂದೆ ಹೇಳಿದರು. 2001ರ ಏಪ್ರಿಲ್‌ನಲ್ಲಿ ನೈಜೀರಿಯಾದ ಅಬುಜಾದಲ್ಲಿ ನಡೆದ ಏಡ್ಸ್ ಸಮಾವೇಶದಲ್ಲಿ ಲಿಬಿಯಾದ ನಾಯಕ ಗಡಾಫಿ ಇದರ ಹಿಂದೆ ವಿದೇಶಿ ಬೇಹುಗಾರಿಕೆ ಸಂಸ್ಥೆಗಳ ಕೈವಾಡವಿದೆಯೆಂದು ಸಾರಿದರು. ನಮ್ಮ ನಾಡಿನಿಂದಲೂ ಎಷ್ಟೋ ಮಂದಿ ಹೆಣ್ಣುಮಕ್ಕಳು ದಾದಿಯರಾಗಿ ಪರದೇಶಗಳಿಗೆ ಹೋಗಿ ದುಡಿಯುತ್ತಿದ್ದಾರೆ. ಅವರನ್ನು ಕಳುಹಿಸಿದ ಮನೆಗಳಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಚ್‌ಐವಿಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿನ ಲ್ಯೂಕ್ ಮೊಂಟಾನ್ಯೇ ಮತ್ತು ಇಟಲಿಯ ವಿಟ್ಟೋರಿಯೋ ಕೊಲಿಝಿ 2003ರಲ್ಲಿ ನ್ಯಾಯಾಲಯಕ್ಕೆ ವರದಿ ಕೊಟ್ಟರು. ಸೋಂಕು 1997ರಲ್ಲಿಯೇ ಅಲ್ಲಿತ್ತು, ಸರಿಯಾಗಿ ಶುದ್ಧಗೊಳಿಸದ ಉಪಕರಣಗಳಿಂದ ಅದು ಹರಡಿದೆ ಎಂಬುದು ಅವರ ಅಭಿಪ್ರಾಯ. ಲಿಬಿಯಾದ ತಜ್ಞರ ತಂಡವೊಂದು ಅದನ್ನು ಅಲ್ಲಗಳೆಯಿತು. ನ್ಯಾಯಾಲಯ ತನ್ನವರ ಮಾತನ್ನು ಹಿಡಿಯಿತು. 2004ರ ಮೇ 6ರಂದು ಮೊದಲ ಮರಣದಂಡನೆ. 2005ರ ಡಿಸೆಂಬರ್ 25ರಂದು, ಕ್ರಿಸ್ಮಸ್ ದಿನವೇ, ಲಿಬಿಯಾದ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿ ಮರುವಿಚಾರಣೆಗೆ ಆದೇಶಿಸಿತು.

ಆ ಮರುವಿಚಾರಣೆ ನಡೆಯುತ್ತಿದ್ದಾಗ ಆಕ್ಸ್‌ಫರ್ಡಿನ ಟೂಲಿಯೋ ಡಿ ಒಲಿವೇರಾ ಮತ್ತು ಆಲಿವರ್ ಪೈಬಸ್, ಎಡಿನ್‌ಬರೋದ ಆಂಡ್ರ್ಯೂ ರ್‍ಯಾಂಬೋ, ಇಟಲಿಯ ವೈದ್ಯರು ಮತ್ತಿತರರು ಕೂಡಿ ಕೆಲಸಕ್ಕಿಳಿದರು. ಚಿಕಿತ್ಸೆಗೆಂದು ಯೂರೋಪಿಗೆ ಕಳುಹಿಸಿದ್ದ ಮಕ್ಕಳ ವೈರಾಣುಗಳ ಅಕ್ಷರಮಾಲೆ ಅವರಿಗೆ ದೊರೆತಿತ್ತು. ಈ ಮಕ್ಕಳಲ್ಲಿ ಅನೇಕರಿಗೆ ಎಚ್‌ಐವಿಯ ಜೊತೆಗೆ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ಸೋಂಕೂ ಇತ್ತು. ಹೀಗಾಗಿ ಒಂದರ ಬದಲು ಎರಡು ಗಡಿಯಾರಗಳು ಸಿಕ್ಕಂತಾಯಿತು.

ಮಕ್ಕಳ ಎಚ್‌ಐವಿ ಮಾದರಿಗಳೆಲ್ಲ ಒಂದೇ ಗೊಂಚಲಾಗಿ ನಿಂತವು. ಅವುಗಳ ಹತ್ತಿರದ ನೆಂಟರು ಪಶ್ಚಿಮ ಆಫ್ರಿಕಾದ ತಳಿಗಳು. ಹೆಪಟೈಟಿಸ್ ಸಿ ಮಾತ್ರ ಒಂದಕ್ಕಿಂತ ಹೆಚ್ಚು ಗೊಂಚಲುಗಳಾಗಿ ಒಡೆದು ಕಂಡಿತು. ನಂತರದ ಪ್ರಶ್ನೆ ಪ್ರತಿಯೊಂದು ಗೊಂಚಲಿನ ಬುಡ ಯಾವ ಕಾಲದ್ದು ಎಂಬುದು. ಪ್ರಬಂಧವು ಗೆರೆ ಎಳೆದುಕೊಂಡದ್ದು 1998ರ ಮಾರ್ಚ್ ತಿಂಗಳಿಗೆ, ಆರೋಪಕ್ಕೊಳಗಾದ ವಿದೇಶಿ ಸಿಬ್ಬಂದಿ ಬಂದ ಕಾಲಕ್ಕೆ. ಬುಡ ಆ ಗೆರೆಯ ಆಚೆಗೋ ಈಚೆಗೋ?

ಇಲ್ಲಿ ಅವರು ತೋರಿದ ಎಚ್ಚರಿಕೆಯನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ವೇಗ ಎಲ್ಲ ಕವಲುಗಳಲ್ಲಿಯೂ ಒಂದೇ ಎಂದು ಹಟ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಕವಲಿನಿಂದ ಕವಲಿಗೆ ವೇಗ ಬದಲಾಗಬಹುದೆಂದು ಒಪ್ಪುವ ‘ಸಡಿಲ ಗಡಿಯಾರ’ದ ಕ್ರಮ ಅದೇ 2006ರಲ್ಲಿ ಪ್ರಕಟವಾಗಿತ್ತು, ರ್‍ಯಾಂಬೋ ಅದರ ಕರ್ತೃಗಳಲ್ಲಿ ಒಬ್ಬರು. ಬಿಗಿ ಗಡಿಯಾರದಿಂದಲೂ ಸಡಿಲ ಗಡಿಯಾರದಿಂದಲೂ ಲೆಕ್ಕ ಮಾಡಿದರು. ಸೋಂಕು ನಿಧಾನವಾಗಿ ಹಬ್ಬಿತೆಂದು ಭಾವಿಸಿ ಒಮ್ಮೆ, ವೇಗವಾಗಿ ಹಬ್ಬಿತೆಂದು ಭಾವಿಸಿ ಇನ್ನೊಮ್ಮೆ ನೋಡಿದರು. ಹೀಗೆ ಸಾಧ್ಯತೆಗಳನ್ನು ತೂಗುವ ಗಣಿತಕ್ಕೆ ತಳಹದಿ ಹಾಕಿದವರು ಥಾಮಸ್ ಬೇಯ್ಸ್, ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಒಬ್ಬ ಪ್ರೆಸ್ಬಿಟೇರಿಯನ್ ಪಾದ್ರಿ. ಅವರು 1761ರಲ್ಲಿ ತೀರಿಕೊಂಡ ಮೇಲೆ ಸ್ನೇಹಿತರೊಬ್ಬರು ಅವರ ಕಾಗದಗಳಲ್ಲಿ ಆ ಬರಹವನ್ನು ಕಂಡು 1763ರಲ್ಲಿ ಅಚ್ಚುಮಾಡಿಸಿದರು. ಸಾಕ್ಷ್ಯ ಬಂದಂತೆ ನಂಬಿಕೆಯನ್ನು ಎಷ್ಟು ತಿದ್ದಿಕೊಳ್ಳಬೇಕು ಎಂಬುದನ್ನು ಅಳತೆಗೆ ಒಳಪಡಿಸುವುದೇ ಅದರ ವಿಷಯ. ನ್ಯಾಯಾಧೀಶರು ದಿನವೂ ಮಾಡಬೇಕಾದ ಕೆಲಸವೂ ಅದೇ ಅಲ್ಲವೇ?

ಯಾವ ಮಾದರಿಯ ಲೆಕ್ಕ ಹಾಕಿದರೂ ಬುಡ 1998ರ ಮಾರ್ಚ್‌ಗಿಂತ ಹಿಂದಕ್ಕೇ ಬಿತ್ತು. ಕೆಲವು ಲೆಕ್ಕಗಳಲ್ಲಿ ಎಷ್ಟೋ ವರ್ಷ ಹಿಂದಕ್ಕೆ. ಗೊಂಚಲುಗಳು ಆ ತಿಂಗಳ ನಂತರ ಹುಟ್ಟಿದವೆಂಬ ಸಂಭವನೀಯತೆ ಬಹುತೇಕ ಲೆಕ್ಕಗಳಲ್ಲಿ ಸೊನ್ನೆಗೆ ಹತ್ತಿರವಿತ್ತು. ಬುಡ ಮಾತ್ರವಲ್ಲ, ಕವಲುಗಳಲ್ಲಿಯೂ ಗಣನೀಯ ಪಾಲು ಅಷ್ಟರೊಳಗೆ ಒಡೆದಾಗಿತ್ತು. ಬುಡ ಹಳೆಯದಾದ ಮಾತ್ರಕ್ಕೆ ಏನಾಯಿತು, ಹಳೆಯ ವೈರಾಣುವನ್ನೇ ಯಾರೋ ಹೊರಗಿನಿಂದ ತಂದಿರಬಾರದೇ ಎಂದು ತಾವು ಆಕ್ಷೇಪಿಸಬಹುದು. ನ್ಯಾಯವಾದ ಆಕ್ಷೇಪವೇ. ಆದರೆ ಹಾಗೆ ವಾದಿಸಬೇಕಾದರೆ, ಒಂದಷ್ಟು ಕಾಲ ಬೇರೆಡೆ ಕವಲೊಡೆದು ಬೆಳೆದ ಎಚ್‌ಐವಿಯ ಬಳಗವೊಂದನ್ನೂ ಹಾಗೆಯೇ ಕವಲೊಡೆದ ಹೆಪಟೈಟಿಸ್ ಸಿಯ ಬೇರೆ ಬೇರೆ ಬಳಗಗಳನ್ನೂ ಈ ಆರು ಮಂದಿ ಒಟ್ಟುಗೂಡಿಸಿ ತಂದರೆಂದು ನಂಬಬೇಕು. ಒಂದೇ ಸೂಜಿಯನ್ನು ಒಂದು ಮಗುವಿನಿಂದ ಇನ್ನೊಂದಕ್ಕೆ ಬಳಸುವ ಆಸ್ಪತ್ರೆಯೊಂದನ್ನು ಊಹಿಸಿಕೊಂಡರೆ ಇದಾವುದೂ ಬೇಕಾಗುವುದಿಲ್ಲ.

ಪ್ರಬಂಧ ಹೊರಬರುವ ಒಂದು ತಿಂಗಳ ಮುಂಚೆ, 114 ಮಂದಿ ನೊಬೆಲ್ ಪುರಸ್ಕೃತರು ವೈಜ್ಞಾನಿಕ ಸಾಕ್ಷ್ಯವನ್ನು ಪರಿಗಣಿಸಬೇಕೆಂದು ಲಿಬಿಯಾಕ್ಕೆ ಬಹಿರಂಗ ಪತ್ರ ಬರೆದಿದ್ದರು. ನ್ಯಾಯಾಲಯದ ಮನಸ್ಸು ಬದಲಾಗಲಿಲ್ಲ. ಡಿಸೆಂಬರ್ 19ರ ತೀರ್ಪನ್ನು 2007ರ ಜುಲೈ 11ರಂದು ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಅದಾದ ಆರು ದಿನಗಳಲ್ಲಿ, ಮಕ್ಕಳ ಕುಟುಂಬಗಳಿಗೆ ತಲಾ ಸುಮಾರು ಹತ್ತು ಲಕ್ಷ ಡಾಲರ್ ಪರಿಹಾರದ ಒಪ್ಪಂದವಾದ ಮೇಲೆ, ಮರಣದಂಡನೆ ಜೀವಾವಧಿ ಶಿಕ್ಷೆಯಾಗಿ ಬದಲಾಯಿತು. ಜುಲೈ 24ರಂದು ಆರು ಮಂದಿಯೂ ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲಿ ವಿಮಾನದಿಂದಿಳಿದರು. ರಾಷ್ಟ್ರಾಧ್ಯಕ್ಷ ಗಿಯೋರ್ಗಿ ಪರ್ವಾನೋವ್ ಅವರಿಗೆ ಕ್ಷಮಾದಾನ ಕೊಟ್ಟರು. ಎಂಟು ವರ್ಷಗಳು ಸೆರೆಯಲ್ಲಿ ಕಳೆದಿದ್ದವು. ಮರುತಿಂಗಳು ಗಡಾಫಿಯ ಮಗ ಸೈಫ್ ಅಲ್-ಇಸ್ಲಾಮ್ ದೂರದರ್ಶನದ ಸಂದರ್ಶನವೊಂದರಲ್ಲಿ ಅವರಿಗೆ ಚಿತ್ರಹಿಂಸೆ ಕೊಟ್ಟದ್ದು ನಿಜವೆಂದು ಒಪ್ಪಿಕೊಂಡರು.

ಹೀಗೆ ಅವರನ್ನು ಬಿಡಿಸಿದ್ದು ರಾಜತಂತ್ರ ಮತ್ತು ಹಣ, ಗಡಿಯಾರವಲ್ಲ. ಇದನ್ನು ಮರೆಮಾಚಿ ವಿಜ್ಞಾನದ ವಿಜಯವೆಂದು ಬರೆದರೆ ಸತ್ಯಕ್ಕೆ ಅಪಚಾರವಾದೀತು. ಗಡಿಯಾರಕ್ಕೆ ತಪ್ಪಿತಸ್ಥನ ಹೆಸರೂ ಗೊತ್ತಿರಲಿಲ್ಲ. ಅದು ಹೇಳಿದ್ದು ಒಂದೇ ಮಾತು: ಆ ತಿಂಗಳ ನಂತರ ಅಲ್ಲ.

ಆದರೆ ಆ ಒಂದು ಮಾತಿನಲ್ಲಿ ಇನ್ನೊಂದು ಸಂಗತಿ ಅಡಗಿದೆ, ಅದರ ಬಗ್ಗೆ ಚರ್ಚೆ ನಡೆದದ್ದು ಕಡಿಮೆ. ಮಾರ್ಚ್‌ಗಿಂತ ಮೊದಲೇ ಸೋಂಕು ಅಲ್ಲಿ ಓಡಾಡುತ್ತಿತ್ತಾದರೆ, ಎಷ್ಟೋ ತಿಂಗಳುಗಳ ಕಾಲ ಅದು ಹಾಸಿಗೆಯಿಂದ ಹಾಸಿಗೆಗೆ ದಾಟುತ್ತಿದ್ದಾಗ ಯಾರೂ ಸೂಜಿಗಳ ಕಡೆಗೆ, ಅವುಗಳನ್ನು ಕುದಿಸುವ ಪಾತ್ರೆಗಳ ಕಡೆಗೆ ನೋಡಿರಲಿಲ್ಲ. ಅಪರಾಧಿಗಳು ಸಿಕ್ಕರೆಂದ ಮೇಲೆ ನೋಡಬೇಕಾದ ಅಗತ್ಯವೂ ಯಾರಿಗೂ ಕಾಣಲಿಲ್ಲ. ಆರು ಮಂದಿ ಸೋಫಿಯಾಕ್ಕೆ ಮರಳುವ ವೇಳೆಗೆ ಬೆಂಗಾಜಿಯ ಆ ಮಕ್ಕಳಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರು.